ಕೆಂಪು ಮುಚ್ಚಳದ ಸಿರಿಂಜು

"ಗೊತ್ತಲ್ವಾ?" ಅಂತ ಕೇಳಿದ್ದು ನಾನು. "ಗೊತ್ತೈತ್ರಿ ಸಿಸ್ಟರ್" ಅಂದಿದ್ದು ಅವಳು. ಅವತ್ತು ನಾನು ಮಾಡಿದ ಪಾಠ ಅಷ್ಟೇ.

ಬೆಂಗಳೂರಿನ ಒಂದು ಆಸ್ಪತ್ರೆಯ ಮೆಡಿಕಲ್ ವಾರ್ಡ್. ಆ ಬೆಳಿಗ್ಗೆ ಡ್ಯೂಟಿಯಲ್ಲಿ ಇದ್ದದ್ದು ನಾವಿಬ್ಬರೇ ಸ್ಟಾಫ್. ರೌಂಡ್ಸ್ ಮುಗಿಯುವಷ್ಟರಲ್ಲಿ ಕ್ಯಾಶುವಾಲ್ಟಿಯಿಂದ ಎರಡು ಅಡ್ಮಿಷನ್ ಬಂದವು. ನರ್ಸಿಂಗ್ ಸ್ಟೂಡೆಂಟ್ಸ್‌ಗೆ ವಾರ್ಡಿನಲ್ಲಿ ಕಲಿಸುವ ಸಿಐ (ಕ್ಲಿನಿಕಲ್ ಇನ್ಸ್‌ಟ್ರಕ್ಟರ್) ಮೇಡಂ ಒಬ್ಬರೇ ಮೂರು ವಾರ್ಡ್ ನೋಡಿಕೊಳ್ಳಬೇಕು. ಹಾಗಾಗಿ ಸ್ಟೂಡೆಂಟ್ಸ್ ನಮ್ಮ ಹಿಂದೆಯೇ. ಈ ಹುಡುಗಿ ಕಲಬುರಗಿ ಕಡೆಯವಳು, ಎರಡನೇ ವರ್ಷ. ಮಾತು ಕಮ್ಮಿ, ಕೆಲಸ ಚುರುಕು.

ಮಾಗಡಿಯ ಅಜ್ಜಿಗೆ ಊಟಕ್ಕೆ ಮುಂಚೆ ರೆಗ್ಯುಲರ್ ಇನ್ಸುಲಿನ್ 12 ಯೂನಿಟ್. ಹುಡುಗಿ ಲೋಡ್ ಮಾಡಿಕೊಂಡು ಬಂದಳು. ನಾನು ಇನ್ನೊಬ್ಬ ರೋಗಿಗೆ ಡ್ರಿಪ್ಸ್‌ನ ಕ್ಯಾನುಲಾ ಹಾಕುತ್ತಿದ್ದೆ. ಸಿರಿಂಜನ್ನು ದೂರದಿಂದಲೇ ನೋಡಿದೆ. ಗೆರೆ 12ಕ್ಕೆ ಸರಿಯಾಗಿತ್ತು. "ಹೋಗು, ಕೊಡು" ಅಂದೆ.

ಕಾಲು ಗಂಟೆ ಆದ ಮೇಲೆ ಚಾರ್ಟ್ ಬರೆಯಲು ಟ್ರಾಲಿ ಹತ್ತಿರ ಬಂದೆ. ಟ್ರೇನಲ್ಲಿ ಕೆಂಪು ಮುಚ್ಚಳ ಬಿದ್ದಿತ್ತು. ಪಕ್ಕದಲ್ಲಿ ವಯಲ್, ಇನ್ಸುಲಿನ್‌ನ ಪುಟ್ಟ ಬಾಟಲಿ. ಲೇಬಲ್ ಮೇಲೆ 100 ಐಯು, ಅಂದರೆ ಒಂದು ಎಂಎಲ್‌ಗೆ 100 ಯೂನಿಟ್. ನಮ್ಮಲ್ಲಿ ಯಾವಾಗಲೂ ಬರುವುದು ಎಂಎಲ್‌ಗೆ 40 ಯೂನಿಟ್‌ನ ವಯಲ್, ಅದರ ಲೆಕ್ಕಕ್ಕೇ ಗೆರೆ ಹಾಕಿದ್ದು ಕೆಂಪು ಮುಚ್ಚಳದ ಸಿರಿಂಜು. ಆ ವಾರ ಫಾರ್ಮಸಿಯವರು 100ರದ್ದು ಕಳಿಸಿದ್ದರು. ಸಿರಿಂಜು ಮಾತ್ರ ಹಳೆಯದೇ. ಒಂದು ಮಾತು ಹೇಳಿದ್ದರೆ ಸಾಕಿತ್ತು, ಯಾರೂ ಹೇಳಲಿಲ್ಲ. ಆದರೆ ಓದಬೇಕಾದ ಕಣ್ಣು ನನ್ನದು ಅಲ್ವಾ?

ಸಿರಿಂಜಿನ ಅದೇ 12ರ ಗೆರೆಗೆ ಎರಡೂವರೆ ಪಟ್ಟು ಗಟ್ಟಿ ಔಷಧಿ. ಅಜ್ಜಿಗೆ ಹೋಗಿದ್ದು 12 ಅಲ್ಲ, 30 ಯೂನಿಟ್.

ಕೈಕಾಲು ತಣ್ಣಗಾಯಿತು. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ ನಡೆದದ್ದನ್ನು ಹಾಗೇ ಹೇಳಿದೆ. ಕಾಲು ಗಂಟೆಗೊಮ್ಮೆ ಜಿಆರ್‌ಬಿಎಸ್, ಅಂದರೆ ಬೆರಳು ಚುಚ್ಚಿ ಶುಗರ್, ನೋಡಿ ಅಂದರು. ಶುಗರ್ ತೀರಾ ಇಳಿದರೆ ನರಕ್ಕೆ ಕೊಡಲು 25 ಪರ್ಸೆಂಟ್ ಡೆಕ್ಸ್‌ಟ್ರೋಸ್ (ಗ್ಲೂಕೋಸ್) ಅಜ್ಜಿಯ ತಲೆಯ ಹತ್ತಿರ ಇಟ್ಟುಕೊಂಡೆ. ಅಜ್ಜಿಗೆ ಮೊಸರನ್ನ ತಿನ್ನಿಸಿದೆವು. ಆರಂಭದಲ್ಲಿ 238 ಇತ್ತು. ಆಮೇಲೆ 190. 151. 104. ಒಂದೊಂದು ಸಲವೂ ಗ್ಲೂಕೋಮೀಟರ್ ಎಣಿಸುವ ಆ ಐದು ಸೆಕೆಂಡ್ ಮುಗಿಯುತ್ತಲೇ ಇರಲಿಲ್ಲ. "ಎಷ್ಟು ಸಲ ಚುಚ್ಚುತ್ತೀಯವ್ವಾ?" ಅಂದರು ಅಜ್ಜಿ. 66ಕ್ಕೆ ಬಂದಾಗ ಅವರ ಹಣೆ ಒದ್ದೆಯಾಗಿತ್ತು, ಅಂಗೈ ತಣ್ಣಗೆ. ಡೆಕ್ಸ್‌ಟ್ರೋಸ್ ಹೋಯಿತು. ಎರಡು ಗಂಟೆಗೆ ಡ್ಯೂಟಿ ಮುಗಿದರೂ ಐದರವರೆಗೆ ಕೂತೆ. ಶುಗರ್ 140ರ ಹತ್ತಿರ ನಿಂತ ಮೇಲೆಯೇ ಎದ್ದದ್ದು. ಅಜ್ಜಿಯ ಮಗನಿಗೂ ವಿಷಯ ತಿಳಿಸಿದೆವು.

ಹುಡುಗಿ ಲಿನೆನ್ ರೂಮಿನಲ್ಲಿ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಅವಳಿಗೆ ವಯಲ್ ಬಗ್ಗೆ ಅನುಮಾನ ಬಂದಿತ್ತಂತೆ. "ಯಾಕೆ ಕೇಳಲಿಲ್ಲ?" ಅಂದೆ. "ನೀವು ಗೊತ್ತಲ್ವಾ ಅಂದ್ರಿ. ಗೊತ್ತಿಲ್ಲ ಅನ್ನಾಕ ಅಂಜಿಕಿ ಬಂತ್ರಿ" ಅಂದಳು. ಹನ್ನೊಂದು ವರ್ಷದಿಂದ ಹೀಗೇ ಕೇಳಿಕೊಂಡು ಬಂದಿದ್ದೇನೆ. ಎಷ್ಟು ಮಕ್ಕಳ ಬಾಯಿ ಮುಚ್ಚಿಸಿದ್ದೆನೋ.

ಇನ್ಸಿಡೆಂಟ್ ರಿಪೋರ್ಟ್‌ನಲ್ಲಿ ನನ್ನ ಹೆಸರನ್ನೇ ಮೊದಲು ಬರೆದೆ. ಮೇಲಿನವರು ಮಾತ್ರ "ಸ್ಟೂಡೆಂಟ್ ತಪ್ಪು" ಅಂತ ಮುಗಿಸಲು ನೋಡಿದರು. ಅದಕ್ಕೆ ಒಪ್ಪಲಿಲ್ಲ. 2021ರಲ್ಲಿ ನರ್ಸಿಂಗ್ ಕೌನ್ಸಿಲ್ ಬಿಎಸ್ಸಿ ನರ್ಸಿಂಗನ್ನು ಸೆಮಿಸ್ಟರ್ ಪದ್ಧತಿಗೆ ಬದಲಿಸಿತು, ಸ್ಟೂಡೆಂಟ್ ಕಲಿತ ಕೆಲಸ ದಾಖಲಿಸುವ ಲಾಗ್ ಬುಕ್ ತುಂಬಾ ನಮ್ಮ ಸೈನ್ ಬೇಕು. ಸೈನ್ ಹಾಕುವ ಕೈಗೆ ಕಲಿಸಲು ಹತ್ತು ನಿಮಿಷ ಬಿಡುವು ಕೊಡುವವರು ಯಾರು? ರೋಸ್ಟರ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ. ಒಬ್ಬ ಸ್ಟಾಫ್ ಜಾಸ್ತಿ ಕೊಡಿ ಅಂತ ಈಗಲೂ ಕೇಳುತ್ತಲೇ ಇದ್ದೇನೆ.

ಮಾರನೇ ದಿನ ಅವಳು ಟ್ರಾಲಿಯಿಂದ ನಾಲ್ಕಡಿ ದೂರ ನಿಂತಿದ್ದಳು. 40ರ ಕೆಂಪು ಮುಚ್ಚಳದ್ದು, 100ರ ಕಿತ್ತಳೆ ಮುಚ್ಚಳದ್ದು, ಎರಡೂ ಸಿರಿಂಜು ತಂದು ಡಿಸ್ಟಿಲ್ಡ್ ವಾಟರ್ ಕೊಟ್ಟೆ. "ಎರಡರಲ್ಲೂ 12ರ ಗೆರೆಗೆ ಎಳೆದು ತೋರಿಸವ್ವಾ" ಅಂದೆ. ಎಳೆದಳು. ಬೆಳಕಿಗೆ ಹಿಡಿದು ಪಕ್ಕಪಕ್ಕ ಇಟ್ಟಳು. ಕೆಂಪು ಮುಚ್ಚಳದ್ದರಲ್ಲಿ ನೀರು ಎರಡು ಪಟ್ಟಿಗಿಂತ ಜಾಸ್ತಿ.

ಸ್ವಲ್ಪ ಹೊತ್ತು ಸುಮ್ನೆ ನೋಡಿದಳು. ಆಮೇಲೆ, "ಸಿಸ್ಟರ್, ಇದು ನಂಗ ಗೊತ್ತಿರ್ಲಿಲ್ರಿ" ಅಂದಳು.