ಇನ್ಫೋ ಮೆನುವಿಗೆ ಅಕ್ಷರಾನುಕ್ರಮ ಯಾಕೆ ಬೇಡ

ಎಮ್ಯಾಕ್ಸ್ ಎಂಬ ಪಠ್ಯ ಸಂಪಾದಕದಲ್ಲಿ ಕೈಪಿಡಿಗಳನ್ನು ಓದಲು ಇರುವ ಇನ್ಫೋದಲ್ಲಿ ಎಲಿಸ್ಪ್ (ಎಮ್ಯಾಕ್ಸ್‌ನ ಲಿಸ್ಪ್ ಭಾಷೆ) ಕೈಪಿಡಿ ತೆರೆದು ‘ಎಮ್’ ಒತ್ತಿ, ಏನೂ ಟೈಪ್ ಮಾಡದೆ ಟ್ಯಾಬ್ ಒತ್ತಿ. ಮೆನುವಿನ ಹೆಸರುಗಳು ಸಲಹೆಗಳಾಗಿ ಬರುತ್ತವೆ, ಆದರೆ ಎ, ಬಿ, ಸಿ ಕ್ರಮದಲ್ಲಿ. ಮೆನುವಿನಲ್ಲಿ ಇಂಟ್ರೊಡಕ್ಷನ್, ಲಿಸ್ಪ್ ಡೇಟಾ ಟೈಪ್ಸ್, ನಂಬರ್ಸ್ ಎಂದು ಪಾಠದ ಕ್ರಮದಲ್ಲಿದ್ದದ್ದು ಇಲ್ಲಿ ಚೆದುರಿಹೋಗುತ್ತದೆ. ಕೊನೆಯ ಅಧ್ಯಾಯಗಳಲ್ಲಿ ಬರುವ ಅಬ್ರೆವ್ (ಸಂಕ್ಷೇಪ) ವಿಷಯ ಮೇಲೇರುತ್ತದೆ, ಇಂಟ್ರೊಡಕ್ಷನ್ ನಡುವೆಲ್ಲೋ ಸೇರಿಕೊಳ್ಳುತ್ತದೆ.

ಇನ್ಫೋ ತಾನೇ ಮೆನುವಿನ ಕ್ರಮಕ್ಕೆ ಬೆಲೆ ಕೊಡುತ್ತದೆ. 1ರಿಂದ 9ರವರೆಗಿನ ಕೀಲಿಗಳು ಅಷ್ಟನೆಯ ಸಾಲಿಗೆ ನೇರ ಒಯ್ಯುತ್ತವೆ. ಎಣಿಸಲು ಸುಲಭವಾಗಲೆಂದು 3, 6, 9ನೆಯ ಸಾಲಿನ ನಕ್ಷತ್ರಚಿಹ್ನೆಗೆ ಬೇರೆ ಬಣ್ಣವೂ ಇದೆ. ಹೀಗಿರುವಾಗ ಸಲಹೆಪಟ್ಟಿ ಮಾತ್ರ ಬೇರೆ ಕ್ರಮ ಹಿಡಿಯುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ.

ಎಮ್ಯಾಕ್ಸ್ 29ರಲ್ಲಿ ‘ಕಂಪ್ಲೀಷನ್ಸ್-ಸಾರ್ಟ್’ ಎಂಬ ಆಯ್ಕೆ ಬಂತು. ಅದನ್ನು ‘ನಿಲ್’ (ಲಿಸ್ಪ್‌ನಲ್ಲಿ ‘ಏನೂ ಇಲ್ಲ’ ಎಂಬ ಬೆಲೆ) ಮಾಡಿದರೆ ವಿಂಗಡಣೆಯೇ ನಿಲ್ಲುತ್ತದೆ. ಆದರೆ ಆ ದಾರಿ ಹಿಡಿಯಬೇಡಿ, ಅದು ಎಲ್ಲ ಕಡೆಗೂ ಅನ್ವಯಿಸುತ್ತದೆ. ‘ಮೆಟಾ-ಎಕ್ಸ್’ ಒತ್ತಿದಾಗ ಬರುವ ಆದೇಶಗಳಿಗೆ ಸಹಜವಾದ ಕ್ರಮವೇ ಇಲ್ಲ, ಅವು ಕಲಸುಮೇಲೋಗರವಾಗಿ ಕಾಣುತ್ತವೆ.

ಎಮ್ಯಾಕ್ಸ್ 30ರಲ್ಲಿ ಈ ಕ್ರಮವನ್ನು ವರ್ಗವಾರು, ಅಂದರೆ ಒಂದೊಂದು ಬಗೆಯ ಸಲಹೆಗಳಿಗೆ ಬೇರೆಬೇರೆಯಾಗಿ, ಹೊಂದಿಸಬಹುದು. ‘ಕಂಪ್ಲೀಷನ್-ಕ್ಯಾಟಗರಿ-ಓವರ್‌ರೈಡ್ಸ್’ ಪಟ್ಟಿಗೆ ‘ಇನ್ಫೋ-ಮೆನು’ ವರ್ಗವನ್ನು ಸೇರಿಸಿ, ಅದರಡಿ ‘ಡಿಸ್‌ಪ್ಲೇ-ಸಾರ್ಟ್-ಫಂಕ್ಷನ್’ಗೆ ‘ಐಡೆಂಟಿಟಿ’ ಕೊಡಿ. ಬಂದ ಪಟ್ಟಿಯನ್ನು ಮುಟ್ಟದೆ ಹಾಗೇ ಹಿಂತಿರುಗಿಸುವ ಫಂಕ್ಷನ್ ಅದು. ಹೆಸರುಗಳು ತಲೆಕೆಳಗಾಗಿ, ಕೊನೆಯದು ಮೊದಲಾಗಿ ಬಂದರೆ ಗಾಬರಿ ಬೇಡ. ಲಿಸ್ಪ್‌ನಲ್ಲಿ ‘ಪುಷ್’ ಹೊಸದನ್ನು ಪಟ್ಟಿಯ ತಲೆಗೇ ಸೇರಿಸುವುದರಿಂದ ಹೀಗಾಗುತ್ತದೆ. ಆಗ ‘ಐಡೆಂಟಿಟಿ’ ಜಾಗದಲ್ಲಿ ‘ರಿವರ್ಸ್’ ಹಾಕಿ. ‘ಎನ್‌ರಿವರ್ಸ್’ ಬೇಡ, ಅದು ಮೂಲಪಟ್ಟಿಯನ್ನೇ ಕದಡಿಬಿಡುತ್ತದೆ.

ಇಷ್ಟು ಮಾಡಿಯೂ, ಟೈಪ್ ಮಾಡುತ್ತಿದ್ದಂತೆಯೇ ಸಲಹೆ ತೋರಿಸುವ ‘ಐಕಂಪ್ಲೀಟ್’ ಬಳಸುವವರಿಗೆ ಏನೂ ಬದಲಾದಂತೆ ಕಾಣದಿರಬಹುದು. ಅದು ನೋಡುವುದು ‘ಸೈಕಲ್-ಸಾರ್ಟ್-ಫಂಕ್ಷನ್’ ಎಂಬ ಇನ್ನೊಂದು ಗುಣವನ್ನು. ಆ ಗುಣ ಖಾಲಿಯಿದ್ದರೆ ಹಿಂದೆ ಬಳಸಿದವು, ಗಿಡ್ಡ ಹೆಸರುಗಳು ಮುಂದೆ ಬರುತ್ತವೆ. ಹಾಗಾಗಿ ಎರಡಕ್ಕೂ ಒಂದೇ ಬೆಲೆ ಕೊಡಿ. ಜೊತೆಗೆ ‘ಕಂಪ್ಲೀಷನ್ಸ್-ಫಾರ್ಮ್ಯಾಟ್’ ಅನ್ನು ‘ವನ್-ಕಾಲಮ್’ಗೆ ಬದಲಿಸಿ. ಡೀಫಾಲ್ಟ್ ಆಗಿ ಹೆಸರುಗಳು ಅಡ್ಡಸಾಲಲ್ಲಿ ಹರಿಯುತ್ತವೆ. ಓದುವವರ ಕಣ್ಣು ಕೆಳಗೆ ಇಳಿಯುವುದರಿಂದ ಕ್ರಮ ಸರಿಯಿದ್ದರೂ ತಪ್ಪಿದಂತೆಯೇ ಅನಿಸುತ್ತದೆ.

‘ಐ’ ಒತ್ತಿದಾಗ ಬರುವ ಇಂಡೆಕ್ಸ್ ಸಲಹೆಗಳ ವಿಷಯ ಬೇರೆ. ಅಲ್ಲಿ ಅಕ್ಷರಾನುಕ್ರಮವೇ ಸರಿ, ಹುಡುಕುವವರಿಗೆ ಪದದ ಮೊದಲಕ್ಷರವಾದರೂ ಗೊತ್ತಿರುತ್ತದೆ. ಇಂಗ್ಲಿಷ್ ದೊಡ್ಡಕ್ಷರಗಳು ಸಣ್ಣವುಗಳಿಗಿಂತ ಮೊದಲು ಬರುತ್ತವೆ ಎಂಬುದೊಂದು ನೆನಪಿರಲಿ: ಕಂಪ್ಯೂಟರ್‌ನಲ್ಲಿ ದೊಡ್ಡ ‘ಜೆಡ್’ ಅಕ್ಷರದ ಸಂಕೇತಸಂಖ್ಯೆ 90, ಸಣ್ಣ ‘ಎ’ಯದು 97. ಪದ ಆರಿಸಿದ ಮೇಲೆ ಅಕ್ಷರಶಃ ಅದೇ ಇರುವ ನಮೂದಿಗೆ ಇನ್ಫೋ ಮೊದಲು ಹೋಗುತ್ತದೆ, ಉಳಿದವು ಅಲ್ಪವಿರಾಮದ ಕೀಲಿ ಒತ್ತಿದಂತೆಲ್ಲ ಒಂದೊಂದಾಗಿ ಬರುತ್ತವೆ. ಈ ಹೋಲಿಕೆಯಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳನ್ನು ಬೇರೆಯೆಂದೇ ಎಣಿಸಲಾಗುತ್ತದೆ. ಆದ್ದರಿಂದ ಪೂರ್ತಿ ಪದವನ್ನು ಕೈಯಾರೆ ಟೈಪ್ ಮಾಡುವುದಕ್ಕಿಂತ ಟ್ಯಾಬ್ ಪಟ್ಟಿಯಿಂದ ಆರಿಸಿಕೊಳ್ಳುವುದು ಒಳ್ಳೆಯದು.