ಹ್ಯಾಮರ್ ಕೇಳಿದವನಿಗೆ ಸುತ್ತಿಗೆ ಕೊಟ್ಟೆ

ಏಪ್ರಿಲ್ ತಿಂಗಳ ಒಂದು ಶುಕ್ರವಾರ ಸಂಜೆ. ಪೇಂಟಿನವರು, ಪ್ಲಂಬರುಗಳು ಎಲ್ಲರೂ ಒಂದೇ ಹೊತ್ತಿಗೆ ಅಂಗಡಿಗೆ ನುಗ್ಗುವ ವೇಳೆ. ಅವರ ನಡುವೆ ತೂರಿಕೊಂಡು ಬಂದ ಹುಡುಗನೊಬ್ಬ, ಕೊರಳಲ್ಲಿ ಕಚೇರಿಯ ಗುರುತಿನ ಚೀಟಿ ನೇತಾಡಿಸಿಕೊಂಡು, "ಮೇಡಂ, ಒಂದು ಹ್ಯಾಮರ್ ಬೇಕಿತ್ತು" ಎಂದ. ಅರ್ಧ ಕೆ.ಜಿ. ಸುತ್ತಿಗೆಯೊಂದನ್ನು ತೆಗೆದು ಮುಂದಿಟ್ಟೆ. ಅವನು ಸುತ್ತಿಗೆಯನ್ನು ನೋಡಿದ, ನನ್ನನ್ನು ನೋಡಿದ. "ಇದಲ್ಲ ಮೇಡಂ, ಗೋಡೆಗೆ ತೂತು ಕೊರೆಯುವುದು."

ಅವನ ತಪ್ಪೇನೂ ಇಲ್ಲ. ಗಾರೆಯವರೂ ಆ ಯಂತ್ರವನ್ನು ಹ್ಯಾಮರ್ ಎಂದೇ ಕೇಳುತ್ತಾರೆ. ಗಾರೆಯವರ ಕೈ ನೋಡಿದರೆ ಯಾವ ಹ್ಯಾಮರ್ ಎಂಬುದು ನನಗೆ ತಿಳಿಯುತ್ತದೆ. ಇವನ ಕೈ ನೋಡಿದರೆ ಕ್ಯಾಲೆಂಡರಿಗೆ ಮೊಳೆ ಹೊಡೆಯಲು ಹೊರಟವನ ಹಾಗಿತ್ತು.

ಮೊಬೈಲ್ ತೆಗೆದು ಬ್ಯಾಟರಿಯ ಡ್ರಿಲ್ ಒಂದರ ಚಿತ್ರ ತೋರಿಸಿದ. ಬೆಲೆ ಆರು ಸಾವಿರದ ಹತ್ತಿರ. "ಎಷ್ಟು ತೂತು ಹಾಕಬೇಕು?" ಎಂದು ಕೇಳಿದೆ. ಬಾಡಿಗೆ ಮನೆ, ಎರಡು ಕಿಟಕಿ, ಪರದೆಯ ಸರಳು, ಒಟ್ಟು ಎಂಟು ತೂತು. ಎಂಟು ತೂತಿಗೆ ಆರು ಸಾವಿರ! ಅದೂ ಕಿಟಕಿಯ ಮೇಲೆ. ಕಿಟಕಿಯ ಮೇಲಿರುವುದು ಲಿಂಟಲ್, ಅಂದರೆ ಕಬ್ಬಿಣ ಹಾಕಿದ ಕಾಂಕ್ರೀಟ್. ಇಟ್ಟಿಗೆ ಗೋಡೆಯಲ್ಲಿ ಬೆಣ್ಣೆಯ ಹಾಗೆ ಇಳಿಯುವ ಸಣ್ಣ ಡ್ರಿಲ್ ಅಲ್ಲಿ ಗಿರಗಿರ ತಿರುಗುತ್ತದೆಯೇ ಹೊರತು ಒಳಗೆ ಹೋಗುವುದಿಲ್ಲ. ಜನ ಭುಜದ ಬಲವೆಲ್ಲ ಹಾಕಿ ಒತ್ತುತ್ತಾರೆ, ಕೊರೆಯುವ ಕಡ್ಡಿಯಾದ ಬಿಟ್‌ನ ತುದಿ ಸುಟ್ಟು ನೀಲಿಯಾಗುತ್ತದೆ, ಆಮೇಲೆ ಬಿಟ್ ಸರಿಯಿಲ್ಲವೆಂದು ನನ್ನ ಬಳಿ ಜಗಳಕ್ಕೆ ಬರುತ್ತಾರೆ. ಅಲ್ಲಿಗೆ ಬೇಕಾದದ್ದು ತಿರುಗುತ್ತಲೇ ಒಳಗಿನಿಂದ ಗುದ್ದುವ ದೊಡ್ಡ ಯಂತ್ರ. ನನ್ನಲ್ಲಿ ದಿನಕ್ಕೆ 200 ರೂಪಾಯಿ ಬಾಡಿಗೆ, ಸಾವಿರ ಮುಂಗಡ.

ಯಂತ್ರ ಕೊಟ್ಟು, 6 ಎಂ.ಎಂ. ಬಿಟ್ ಕೊಟ್ಟು, ಬಿಟ್‌ನ ತುದಿಯಿಂದ ತೂತಿನಲ್ಲಿ ಸ್ಕ್ರೂ ಹಿಡಿಸಲು ತುರುಕುವ ರಾಲ್ ಪ್ಲಗ್‌ನ ಉದ್ದಕ್ಕಿಂತ ಸ್ವಲ್ಪ ಹೆಚ್ಚು ಅಳೆದು ಅಲ್ಲಿಗೆ ಕೆಂಪು ಟೇಪು ಸುತ್ತಿದೆ. ಟೇಪು ಗೋಡೆಗೆ ತಾಗಿತು ಎಂದರೆ ನಿಲ್ಲಿಸಬೇಕು. ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೆ, ಕೆಳಗೆ, ಪಕ್ಕದಲ್ಲಿ ಕೊರೆಯಬಾರದು, ಗೋಡೆಯೊಳಗೆ ವೈರಿನ ಪೈಪು ಸಾಮಾನ್ಯವಾಗಿ ಆ ನೇರದಲ್ಲೇ ಓಡಿರುತ್ತದೆ. ಕೈಗವಸು ಹಾಕಬಾರದು, ತಿರುಗುವ ಬಿಟ್ ಬಟ್ಟೆಯನ್ನು ಹಿಡಿದರೆ ಬೆರಳನ್ನೂ ಸುತ್ತಿಕೊಳ್ಳುತ್ತದೆ. ಕನ್ನಡಕ ಮಾತ್ರ ಹಾಕಲೇಬೇಕು. ಹುಡುಗ ಎಲ್ಲವನ್ನೂ ಮೊಬೈಲ್‌ನಲ್ಲಿ ಬರೆದುಕೊಂಡ. ಬರೆದುಕೊಳ್ಳುವವರನ್ನು ಕಂಡರೆ ನನಗೆ ಇಷ್ಟ.

ಗಲ್ಲಾದ ಪಕ್ಕದಲ್ಲಿ ಸ್ಕ್ರೂ ಎಣಿಸುತ್ತಿದ್ದ ನನ್ನ ಮಗನನ್ನು ನೋಡಿ ಅವನು ಸಲಹೆಯ ಬಾಕಿ ತೀರಿಸಲು ಹೊರಟ. "ಎಸ್ಸೆಸ್ಸೆಲ್ಸಿ ಆಯಿತಾ? ಪಿಯುಸಿ ಸೈನ್ಸ್ ಹಾಕಿಸಿ ಮೇಡಂ. ಆಮೇಲೆ ಎಂಜಿನಿಯರಿಂಗ್, ಕಂಪ್ಯೂಟರ್ ಸೈನ್ಸ್."

"ಯಾವ ಗೋಡೆ ಎಂದು ನೀವು ಕೇಳಲೇ ಇಲ್ಲವಲ್ಲ" ಎಂದೆ. ಪಾಪ, ನಕ್ಕುಬಿಟ್ಟ.

ಬೆಂಗಳೂರಿನ ಲಗ್ಗೆರೆಯಲ್ಲಿ ಈ ಹಾರ್ಡ್‌ವೇರ್ ಅಂಗಡಿ ತೆರೆದು ಹದಿಮೂರು ವರ್ಷವಾಯಿತು. ಅದಕ್ಕೂ ಮೊದಲು ಹನ್ನೊಂದು ವರ್ಷ ಪೀಣ್ಯದ ಒಂದು ಪ್ರೆಸ್ ಟೂಲ್ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೆ. ಮೇಲಿನಿಂದ ಇಳಿಯುವ ಪಂಚ್, ಕೆಳಗಿನ ತೂತಿನ ಅಚ್ಚಾದ ಡೈ, ಇವೆರಡರ ನಡುವೆ ತಗಡು ಸಿಕ್ಕಿ ವಾಷರ್, ಬ್ರಾಕೆಟ್ ಕತ್ತರಿಸಿ ಬೀಳುತ್ತಿದ್ದವು, ನಾನು ಅಳೆಯುತ್ತಿದ್ದೆ. ಪಂಚ್‌ಗೂ ಡೈಗೂ ನಡುವೆ ಬಿಡುವ ಸಂದು ತಗಡಿನ ದಪ್ಪದ ಶೇ. 5ರ ಆಸುಪಾಸು, ಅಂದರೆ ಒಂದು ಎಂ.ಎಂ. ತಗಡಿಗೆ ಪ್ರತಿ ಬದಿಯಲ್ಲಿ 0.05 ಎಂ.ಎಂ. ಸಂದು ಹೆಚ್ಚಾದರೆ ಅಥವಾ ಪಂಚ್ ಮೊಂಡಾದರೆ ಅಂಚಿನಲ್ಲಿ ಬರ್, ಅಂದರೆ ಚೂಪಾದ ಮುಳ್ಳು, ಏಳುತ್ತದೆ. ವರ್ನಿಯರ್ ತೆಗೆಯುವ ಮೊದಲೇ ಹೆಬ್ಬೆರಳು ಸವರಿ, ಟೂಲ್ ಗ್ರೈಂಡಿಂಗಿಗೆ ಹೋಗಬೇಕೋ ಬೇಡವೋ ಎಂದು ಹೇಳುತ್ತಿದ್ದೆ. ಆ ಹೆಬ್ಬೆರಳು ಇಂದಿಗೂ ಒರಟು. ಮಗ ಚಿಕ್ಕವನಿದ್ದಾಗ ಕೆನ್ನೆ ಮುಟ್ಟಿದರೆ ಮುಖ ತಿರುಗಿಸುತ್ತಿದ್ದ.

ಅಳತೆಯಲ್ಲಿ ಬೆಳೆದವಳಾದ್ದರಿಂದಲೋ ಏನೋ, ಒಂದೇ ವಸ್ತುವನ್ನು ಇಬ್ಬರು ಎರಡು ಹೆಸರಿನಿಂದ ಕರೆದು ಎಡವುವುದು ನನ್ನ ಕಣ್ಣಿಗೆ ಬೇಗ ಬೀಳುತ್ತದೆ. ವಾರಕ್ಕೊಬ್ಬರಾದರೂ ಒಡೆದ ಪೈಪಿನ ಹೊರ ಅಂಚಿನಿಂದ ಅಂಚಿಗೆ ಅಡ್ಡಲಾಗಿ ಟೇಪು ಹಿಡಿದು "ಒಂದು ಇಂಚಿನ ಎಲ್ಬೋ ಕೊಡಿ" ಎಂದು ಬರುತ್ತಾರೆ. ಯುಪಿವಿಸಿಯಲ್ಲಿ ಮುಕ್ಕಾಲು ಇಂಚಿನ ಪೈಪಿನ ಹೊರವ್ಯಾಸವೇ 26.7 ಎಂ.ಎಂ., ಒಂದು ಇಂಚಿಗಿಂತ ಒಂದು ಕೂದಲು ಹೆಚ್ಚು. ಪೈಪಿನ ಹೆಸರು ಬೇರೆ, ಅಳತೆ ಬೇರೆ. ಈಗ ನಾನು ಯಾರ ಮಾತನ್ನೂ ನಂಬದೆ, "ಒಡೆದ ತುಂಡನ್ನೇ ತನ್ನಿ" ಎನ್ನುತ್ತೇನೆ. ಬೈದುಕೊಂಡು ಹೋಗುತ್ತಾರೆ, ತುಂಡು ಹಿಡಿದು ಬರುತ್ತಾರೆ.

ಮಗನ ಓದಿನ ವಿಚಾರದಲ್ಲಿ ಆ ಬೇಸಿಗೆಯಿಡೀ ನನಗೆ ಬಂದ ಸಲಹೆಗಳನ್ನು ಗೋಣಿಚೀಲಕ್ಕೆ ತುಂಬಿದ್ದರೆ ಸಿಮೆಂಟಿನ ಪಕ್ಕದಲ್ಲಿ ಪೇರಿಸಿಡಬಹುದಿತ್ತು. ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಪಕ್ಕದ ಜೆರಾಕ್ಸ್ ಅಂಗಡಿಯ ಹುಡುಗಿಯ ಮಾತು. ಅವಳು ಯಾವ ಕೋರ್ಸನ್ನೂ ಹೊಗಳಲಿಲ್ಲ. ಜೂನ್ ತಿಂಗಳಲ್ಲಿ ಯಾವ ಕಾಗದ ಇಲ್ಲವೆಂದು ಜನ ಅಳುಮುಖ ಮಾಡಿಕೊಂಡು ನಿಲ್ಲುತ್ತಾರೆ ಎಂಬುದು ಅವಳಿಗೆ ಬಾಯಿಪಾಠ. "ಆಂಟಿ, ಎಲ್ಲಿಗಾದರೂ ಸೇರಿಸಿ. ಮೊದಲು ಒಂದರಿಂದ ಹತ್ತರವರೆಗಿನ ವ್ಯಾಸಂಗ ಪ್ರಮಾಣಪತ್ರ, ಕನ್ನಡ ಮಾಧ್ಯಮದ ಪ್ರಮಾಣಪತ್ರ ಎರಡನ್ನೂ ಈಗಲೇ ಮಾಡಿಸಿ. ಮುಖ್ಯೋಪಾಧ್ಯಾಯರ ಸಹಿ ಮಾತ್ರ ಸಾಲದು, ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿಯೂ ಬೇಕು."

ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲೂ ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲೂ ಶೇ. 5 ಮೀಸಲಾತಿ ಇದೆ. ನನಗೆ ಇದು ಕೇಳಿ ಗೊತ್ತಿತ್ತು, ಆದರೆ ಅದಕ್ಕೆ ಕಾಗದ ಬೇಕು ಎಂಬಲ್ಲಿಗೆ ತಲೆ ಓಡಿರಲಿಲ್ಲ. ಮಗ ಮೊದಲ ಮೂರು ತರಗತಿ ಓದಿದ ಶಾಲೆ ಮುಚ್ಚಿಹೋಗಿದೆ. ಅದರ ದಾಖಲೆಗಳು ಯಾವ ಕಪಾಟಿನಲ್ಲಿವೆ ಎಂದು ಕಂಡುಹಿಡಿಯಲು ನಾಲ್ಕು ಸಲ ಅಲೆದೆ. ಒಂದು ಸಲ ಕಪಾಟಿನ ಬೀಗ ಕೆಟ್ಟಿತ್ತು. ಅದನ್ನೂ ನಾನೇ ಅಂಗಡಿಯಿಂದ ಸ್ಕ್ರೂಡ್ರೈವರ್ ತಂದು ಬಿಚ್ಚಿಕೊಟ್ಟೆ. ಏಪ್ರಿಲ್‌ನಲ್ಲಿ ಅಲೆದದ್ದಕ್ಕೆ ಆಯಿತು, ಜೂನ್‌ನಲ್ಲಿ ಆಗಿದ್ದರೆ ಸರದಿಯಲ್ಲಿ ನಿಂತೇ ದಾಖಲಾತಿಯ ದಿನ ಮುಗಿದಿರುತ್ತಿತ್ತು. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಆಯುಸ್ಸು, ಅದರ ಮೇಲಿನ ಆರ್.ಡಿ. ಸಂಖ್ಯೆಯನ್ನು ಬೇರೆ ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು ಎಂಬುದೂ ಅವಳದೇ ಮಾತು. ಅವಳ ಅಂಗಡಿಯ ಷಟರ್ ಬಿಗಿಯಾಗಿತ್ತು. ಹಳಿಗೆ ಗ್ರೀಸ್ ಹಚ್ಚಬೇಡ, ಧೂಳು ಹಿಡಿದು ಇನ್ನೂ ಬಿಗಿಯುತ್ತದೆ, ಮೊದಲು ಹಳಿಯನ್ನು ಒರೆಸು ಎಂದು ಹೇಳಿಕೊಟ್ಟೆ. ನನ್ನದು ಚಿಲ್ಲರೆ, ಅವಳದು ನೋಟು.

ಇನ್ನೊಬ್ಬರು ನಿವೃತ್ತ ಭೌತಶಾಸ್ತ್ರ ಉಪನ್ಯಾಸಕರು. ಸಂಜೆ ವಾಯುವಿಹಾರದ ದಾರಿಯಲ್ಲಿ ಏನಾದರೊಂದು ನೆಪ ಮಾಡಿಕೊಂಡು ಅಂಗಡಿಗೆ ಬರುತ್ತಾರೆ. ಒಂದು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದ ದಪ್ಪ ಅಳೆಯುವ ನನ್ನ ಹಳೆಯ ಮೈಕ್ರೋಮೀಟರ್ ನೋಡಿ, "ಏನಮ್ಮ, ಸ್ಕ್ರೂ ಗೇಜ್ ಮಾರುತ್ತೀಯಾ?" ಎಂದರು. ಅವರು ಮೂವತ್ತು ವರ್ಷ ಪ್ರಯೋಗಾಲಯದಲ್ಲಿ ಸ್ಕ್ರೂ ಗೇಜ್ ಎಂದು ಕಲಿಸಿದ್ದನ್ನೇ ನಾನು ಹನ್ನೊಂದು ವರ್ಷ ಮೈಕ್ರೋಮೀಟರ್ ಎಂದು ಕೈಯಲ್ಲಿ ಹಿಡಿದಿದ್ದೆ. ಎರಡರದೂ ಅತಿ ಚಿಕ್ಕ ಅಳತೆ 0.01 ಎಂ.ಎಂ. ತಮ್ಮ ವಿದ್ಯಾರ್ಥಿಗಳು ಸೂತ್ರವನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು, ಆದರೆ ಬಿಗಿತ ಹೆಚ್ಚಾಗದಂತೆ ತಡೆಯುವ ತುದಿಯ ರ‍್ಯಾಚೆಟ್ ಬಿಟ್ಟು ದಪ್ಪ ಭಾಗವನ್ನೇ ಹಿಡಿದು ಬಿಗಿಯುತ್ತಿದ್ದರು ಎಂದು ನಗಾಡಿದರು. ಕಾರ್ಖಾನೆಯಲ್ಲಿ ಹಾಗೆ ಬಿಗಿದವರಿಗೆ ನಾವು ಅದನ್ನು ಮುಟ್ಟಲೇ ಬಿಡುತ್ತಿರಲಿಲ್ಲ ಎಂದೆ.

ಅವರೇ ಮಗನನ್ನು ಕೂರಿಸಿಕೊಂಡು ಕೇಳಿದ್ದು: "ಓದು ಇಂಗ್ಲಿಷಿಗೆ ಹೊರಳಿದಾಗ ಯಾವುದಕ್ಕೆ ಹೆದರಿಕೆ?" ಪದಗಳಿಗೆ, ಎಂದ ಇವನು. ಅದಕ್ಕೆ ಅವರು ಕೊಟ್ಟ ಮದ್ದು ಇನ್ನೂರು ಪುಟದ ನೋಟ್‌ಬುಕ್. ಎಡಕ್ಕೆ ಕನ್ನಡ ಪಠ್ಯದ ಪದ, ಬಲಕ್ಕೆ ಇಂಗ್ಲಿಷ್ ಪುಸ್ತಕದ ಪದ. ಬಲ, ಫೋರ್ಸ್. ಘರ್ಷಣೆ, ಫ್ರಿಕ್ಷನ್. ಸಾಂದ್ರತೆ, ಡೆನ್ಸಿಟಿ. ಜವ ಎಂದರೆ ಸ್ಪೀಡ್, ವೇಗ ಎಂದರೆ ವೆಲಾಸಿಟಿ, ಎರಡನ್ನೂ ಬೆರೆಸಬಾರದು. ಒತ್ತಡ ಎಂದರೆ ಪ್ರೆಶರ್. ಪತ್ರಿಕೆಗಳಲ್ಲಿ ಕೆಲಸದ ಒತ್ತಡ ಎಂದು ಬರೆಯುವುದನ್ನು ನೋಡಿ ಅದನ್ನು ಸ್ಟ್ರೆಸ್ ಎಂದು ಬರೆದುಕೊಂಡರೆ ಮೊದಲ ಪರೀಕ್ಷೆಯಲ್ಲೇ ಮುಗಿಯಿತು.

ನಾನು ಸುಮ್ಮನಿರಲಾರದೆ ಅದಕ್ಕೆ ಮೂರನೆಯ ಅಂಕಣವೊಂದನ್ನು ಗೀಚಿದೆ: ಕಾರ್ಖಾನೆಯಲ್ಲಿ, ಅಂಗಡಿಯಲ್ಲಿ ಏನೆನ್ನುತ್ತಾರೆ. ವ್ಯಾಸ, ಡಯಾಮೀಟರ್, ಡಯಾ. ಸ್ಕ್ರೂ ಗೇಜ್ ಇದ್ದ ಕಡೆ ಮೈಕ್ರೋಮೀಟರ್. ಲಂಬಕೋನಕ್ಕೆ ಬಡಗಿಯ ಮೂಲೆಮಟ್ಟ. ಅಂದೇ ಅಂಗಡಿಯಲ್ಲಿದ್ದ ಗಾರೆ ಮೇಸ್ತ್ರಿ, "ಅಕ್ಕಾ, ಅಷ್ಟು ದೊಡ್ಡ ಸೈಟಿಗೆ ಮೂಲೆಮಟ್ಟ ಎಲ್ಲಿಂದ ತರುತ್ತೀರಿ?" ಎಂದು ನನ್ನನ್ನೇ ತಿದ್ದಿದರು. ದಾರ ಹಿಡಿದು ಒಂದು ಕಡೆ ಮೂರು ಅಡಿ, ಇನ್ನೊಂದು ಕಡೆ ನಾಲ್ಕು ಅಡಿ ಗುರುತು ಮಾಡಿ, ಓರೆಯ ಅಳತೆ ಐದು ಅಡಿ ಬಂದರೆ ಮೂಲೆ ಸರಿ ಎಂದು ಅಂಗಡಿಯ ನೆಲದ ಮೇಲೇ ಸೀಮೆಸುಣ್ಣದಲ್ಲಿ ಎಳೆದು ತೋರಿಸಿದರು. ಉಪನ್ಯಾಸಕರು ಬಗ್ಗಿ ನೋಡಿ "ಪೈಥಾಗೊರಸ್" ಎಂದರು. ಮೇಸ್ತ್ರಿ ಅದು ಯಾವ ಕಂಪನಿಯ ದಾರ ಎಂಬಂತೆ ಅವರ ಮುಖ ನೋಡಿದರು. ನನ್ನ ಅಂಗಡಿಯ ಗೋಡೆ ಆ ಗೆರೆಗೆ ಎರಡು ಇಂಚು ಓರೆ ಇದೆ ಎಂಬುದೂ ಅಂದೇ ತಿಳಿಯಿತು. ಕಟ್ಟಿಸಿದ ಮಾಲೀಕರಿಗೆ ಇನ್ನೂ ಹೇಳಿಲ್ಲ.

ಎಲ್ಲಿಗೆ ಸೇರಿಸುವುದು ಎಂಬ ಲೆಕ್ಕವನ್ನು ಬಿಲ್ ಪುಸ್ತಕದ ಹಿಂದೆ ಹಾಕಿದೆವು. ಪಿಯುಸಿ ಎರಡು, ಎಂಜಿನಿಯರಿಂಗ್ ನಾಲ್ಕು, ಆರು ವರ್ಷ. ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು, ಡಿಪ್ಲೊಮಾ ಆದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎರಡನೆಯ ವರ್ಷದ ಎಂಜಿನಿಯರಿಂಗಿಗೆ ಸೇರಿದರೆ ಇನ್ನೂ ಮೂರು, ಅದೂ ಆರೇ. ಐಟಿಐ ಫಿಟ್ಟರ್ ಎರಡು ವರ್ಷ, ಅಲ್ಲಿಂದ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ದಾರಿ ಇದೆ. ಸೈನ್ಸ್ ಬಿಟ್ಟರೆ ಬಾಗಿಲು ಮುಚ್ಚಿತು ಎನ್ನುವವರು ಈ ಕೂಡುವ ಲೆಕ್ಕ ಮಾಡಿರುವುದಿಲ್ಲ. ಡಿಪ್ಲೊಮಾ ದಾರಿಯಲ್ಲಿ ನಡುವೆ ಕೆಲಸಕ್ಕೆ ಸೇರಿ ಉಸಿರು ತೆಗೆದುಕೊಳ್ಳಬಹುದು. ಪಿಯುಸಿ ಮುಗಿದಾಗ ಕೈಯಲ್ಲಿ ಇರುವುದು ಅಂಕಪಟ್ಟಿ ಮಾತ್ರ. ನನ್ನ ಮಗನಿಗೆ ಪಾಠ ಕೇಳುತ್ತ ಕೂರುವುದಕ್ಕಿಂತ ಬಿಚ್ಚಿ ಜೋಡಿಸುವುದರಲ್ಲಿ ಒಲವು. ಬೇರೆಯವರ ಮಕ್ಕಳಿಗೆ ಪಿಯುಸಿಯೇ ಸರಿಯಿರಬಹುದು, ಆ ಗೋಡೆ ನಾನು ನೋಡಿಲ್ಲ.

ರಾಜಾಜಿನಗರದ ಕೈಗಾರಿಕಾ ಪ್ರದೇಶಕ್ಕೆ ಅವನನ್ನು ಕರೆದುಕೊಂಡು ಹೋದಾಗ ಫಲಕ ಓದಿದ: ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ. "ಅಮ್ಮಾ, ಉಪಕರಣ ಇಡುವ ಕೋಣೆಯಾ?" ಎಂದ. ಪೀಣ್ಯದಲ್ಲಿ ಅದನ್ನು ಜಿಟಿಟಿಸಿ ಎನ್ನುತ್ತಾರೆ, ಟೂಲ್ ರೂಮ್ ಎಂದರೆ ಸಾಮಾನು ಇಡುವ ಕೋಣೆಯಲ್ಲ, ಡೈ, ಮೋಲ್ಡ್, ಪಂಚ್‌ಗಳನ್ನು ತಯಾರಿಸುವ ಜಾಗ ಎಂದು ವಿವರಿಸಿದೆ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಶುರುವಾದದ್ದು. ನಾನು ಅಳೆಯುತ್ತಿದ್ದ ವಾಷರಿನ ಡೈ ಮಾಡಿದ ಹಿರಿಯರು ಅಲ್ಲಿಯೇ ಕಲಿತವರು. ಅವರ ಟೂಲಿನಲ್ಲಿ ನನಗೆ ಬರ್ ಸಿಕ್ಕಿದ್ದು ಕಡಿಮೆ. ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಅಲ್ಲಿ ಮೂರು ವರ್ಷ ಓದು, ಮೇಲೆ ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಪಾಲಿಟೆಕ್ನಿಕ್‌ಗಿಂತ ಒಂದು ವರ್ಷ ಹೆಚ್ಚು ಎಂದು ನನ್ನ ಅಣ್ಣ ಇಂದಿಗೂ ಗೊಣಗುತ್ತಾನೆ. ಗೊಣಗಲಿ.

ಮಗ ಅಲ್ಲಿಗೆ ಸೇರಿ ನಾಲ್ಕು ತಿಂಗಳಾಯಿತು. ಮೊದಲ ಆರು ವಾರ ಅರ ಹಿಡಿದು ಕಬ್ಬಿಣದ ತುಂಡನ್ನು ಉಜ್ಜಿದ್ದೇ ಉಜ್ಜಿದ್ದು. ಅಂಗೈಯಲ್ಲಿ ಬೊಬ್ಬೆ, ರಾತ್ರಿ ಕೊಬ್ಬರಿ ಎಣ್ಣೆ. ನೋಟ್‌ಬುಕ್ ಅರ್ಧ ತುಂಬಿದೆ. ಮೊನ್ನೆ ಅವನು ಮಲಗಿದ ಮೇಲೆ ತಿರುವಿ ಹಾಕಿದೆ. "ಸ್ಥಿತಿಸ್ಥಾಪಕತ್ವ, ಎಲಾಸ್ಟಿಸಿಟಿ" ಎಂದು ಬರೆದು ಮೂರನೆಯ ಅಂಕಣವನ್ನು ಖಾಲಿ ಬಿಟ್ಟಿದ್ದ. ತಗಡನ್ನು ಸರಿಯಾಗಿ ತೊಂಬತ್ತು ಡಿಗ್ರಿಗೆ ಬಗ್ಗಿಸಿದರೂ ಪ್ರೆಸ್ ಮೇಲೆದ್ದ ಕೂಡಲೇ ಅದು ಒಂದೆರಡು ಡಿಗ್ರಿ ಬಿಚ್ಚಿಕೊಳ್ಳುತ್ತದೆ. ಅದಕ್ಕೆಂದೇ ನಮ್ಮ ಟೂಲಿನವರು ಮೊದಲೇ ಸ್ವಲ್ಪ ಹೆಚ್ಚು ಬಗ್ಗಿಸುತ್ತಿದ್ದರು. ಪೆನ್ಸಿಲ್ ತೆಗೆದುಕೊಂಡು ಖಾಲಿ ಜಾಗದಲ್ಲಿ "ಸ್ಪ್ರಿಂಗ್ ಬ್ಯಾಕ್" ಎಂದು ಬರೆದೆ. ಬೆಳಿಗ್ಗೆ ನೋಡಿದರೆ ಅವನು ಅದರ ಮೇಲೆ ಪೆನ್ನು ಆಡಿಸಿ, ಪಕ್ಕದಲ್ಲಿ ಸಣ್ಣದಾಗಿ "ಎಷ್ಟು ಡಿಗ್ರಿ? ಯಾವ ತಗಡು?" ಎಂದು ಗೀಚಿದ್ದ.