ಕಿಂಗ್‌ಸ್ಟನ್ನಿನಲ್ಲಿ ರೆಗೆಯ ಜಾಡು ಹಿಡಿದು

ಕೆಲಸದ ನಿಮಿತ್ತ ಜಮೈಕಾಗೆ ಹೋಗಿದ್ದಾಗ ಸಿಕ್ಕ ಬಿಡುವಿನ ದಿನವನ್ನು ನಾನು ಕಡಲತೀರಕ್ಕೆ ಕೊಡದೆ, ಅಲ್ಲಿನ ಜನಪ್ರಿಯ ಸಂಗೀತವಾದ ರೆಗೆಯ ನೆಲೆಗಳೆನಿಸಿದ, ರಾಜಧಾನಿ ಕಿಂಗ್‌ಸ್ಟನ್ನಿನ ಟ್ರೆಂಚ್‌ಟೌನ್ ಮತ್ತು ಹೋಪ್ ರೋಡುಗಳಿಗೆ ಮೀಸಲಿಟ್ಟೆ.

ಟ್ರೆಂಚ್‌ಟೌನಿನಲ್ಲಿ ಸಂಗ್ರಹಾಲಯವಾಗಿ ಉಳಿಸಿಕೊಂಡಿರುವುದು ಒಂದು ವಠಾರವನ್ನು: ಅಂಗಳದ ಸುತ್ತ ಚಿಕ್ಕ ಕೋಣೆಗಳು, ಹಲವು ಸಂಸಾರಗಳಿಗೆ ಸೇರಿ ಒಂದು ಅಡುಗೆಮನೆ. ಮುಂದೆ ರೆಗೆಯ ದೊಡ್ಡ ಹೆಸರುಗಳಾದ ಬಾಬ್ ಮಾರ್ಲಿ, ಪೀಟರ್ ಟಾಷ್ ಮತ್ತು ಬನ್ನಿ ವೇಲರ್ ಇದೇ ಕೇರಿಯಲ್ಲಿ ಜೋ ಹಿಗ್ಸ್ ಎಂಬ ಗಾಯಕನಿಂದ ದನಿಗೆ ದನಿ ಕೂಡಿಸುವುದನ್ನು ಕಲಿತರು. ದೇಶ 1962ರಲ್ಲಿ ಸ್ವತಂತ್ರವಾಯಿತು. ಮರುವರ್ಷವೇ ಕೋರಲ್ ಗಾರ್ಡನ್ಸ್ ಎಂಬಲ್ಲಿ ನಡೆದ ಘರ್ಷಣೆಯ ನೆಪದಲ್ಲಿ ಪೊಲೀಸರು ರಾಸ್ತಾಫಾರಿಗಳನ್ನು, ಅಂದರೆ ಇಥಿಯೋಪಿಯಾದ ಚಕ್ರವರ್ತಿಯನ್ನು ದೈವವೆಂದು ನಂಬುವ, ಮಾರ್ಲಿಯೂ ಮುಂದೆ ಸೇರಿಕೊಂಡ ಪಂಥದವರನ್ನು, ಹಿಡಿದು ಹೊಡೆದರು, ಅವರ ಜಡೆಗಳನ್ನು ಕತ್ತರಿಸಿದರು. ಸರ್ಕಾರ ಕ್ಷಮೆ ಕೇಳಿದ್ದು 2017ರಲ್ಲಿ. ರೆಗೆಯ ಸಿಟ್ಟು ಬಿಳಿಯ ದೊರೆಗಳ ಮೇಲಷ್ಟೇ ಇತ್ತೆಂದು ಭಾವಿಸುವವರು ಈ ಸಂಗತಿಯನ್ನು ಗಮನಿಸಬೇಕು.

ಹೋಪ್ ರೋಡಿನಲ್ಲಿ ಮಾರ್ಲಿ ವಾಸವಿದ್ದ 56ನೇ ಸಂಖ್ಯೆಯ ಮನೆಯಲ್ಲಿ, ಗೋಡೆಯ ಮೇಲಿನ ಗುಂಡಿನ ತೂತುಗಳನ್ನು ಮುಚ್ಚದೆ ಹಾಗೆಯೇ ಬಿಟ್ಟಿದ್ದಾರೆ. 1976ರ ಡಿಸೆಂಬರ್ 3ರ ರಾತ್ರಿ ಬಂದೂಕುಧಾರಿಗಳು ಒಳನುಗ್ಗಿ ಮಾರ್ಲಿ, ಪತ್ನಿ ರೀಟಾ ಮತ್ತು ಮ್ಯಾನೇಜರ್ ಡಾನ್ ಟೇಲರ್ ಅವರನ್ನು ಗಾಯಗೊಳಿಸಿದ್ದರು. ಎರಡೇ ದಿನಗಳ ನಂತರ ಮಾರ್ಲಿ ಸಾವಿರಾರು ಜನರೆದುರು ನಿಂತು ‘ವಾರ್’ ಹಾಡಿದರು. ಆ ಹಾಡಿನ ಮಾತುಗಳು ಬಹುಪಾಲು ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ 1963ರ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯಲ್ಲಿ ಮಾಡಿದ ಭಾಷಣದವು. ಒಂದು ಜನಾಂಗ ಮೇಲು, ಇನ್ನೊಂದು ಕೀಳು ಎಂಬ ನಂಬಿಕೆ ಅಳಿಯುವವರೆಗೆ ಶಾಂತಿಯಿಲ್ಲವೆಂಬುದು ಅದರ ತಿರುಳು. ಕಡತದಲ್ಲಿ ಮಲಗಬಹುದಾಗಿದ್ದ ಆ ಉದ್ದನೆಯ ವಾಕ್ಯಗಳಿಗೆ ಪ್ರಾಸವೂ ಇಲ್ಲ, ಪಲ್ಲವಿಯೂ ಇಲ್ಲ. ಅವುಗಳನ್ನು ಹಾಡಾಗಿ ನಿಲ್ಲಿಸಿದ್ದು ಮಾರ್ಲಿಯವರ ತಂಡದ ಬ್ಯಾರೆಟ್ ಸಹೋದರರ ಲಯ: ಮೊದಲ ಪೆಟ್ಟನ್ನು ಖಾಲಿ ಬಿಟ್ಟು ಮೂರನೆಯದರ ಮೇಲೆ ಭಾರ ಹಾಕುವ ಕಾರ್ಲ್‌ಟನ್ನರ ಡ್ರಮ್ಮು, ಅದರಡಿ ಆಸ್ಟನ್ನರ ಬೇಸ್ ಗಿಟಾರು. ಆ ಖಾಲಿ ಜಾಗದಲ್ಲಿ ಕೇಳುಗನು ತಾನೇ ತಲೆದೂಗಿ ಒಪ್ಪಿಗೆ ಸೂಚಿಸಿಬಿಡುತ್ತಾನೆ. ದಲಿತ ಚಳವಳಿಯ ಹಾಡುಗಳನ್ನು ತಮಟೆಯೊಂದಿಗೆ ಕೇಳಿ ಬೆಳೆದ ನನಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ರೆಗೆಯನ್ನು ಸಮುದ್ರ, ಬಿಸಿಲು, ಸೋಮಾರಿತನಗಳ ಸಂಗೀತವೆಂದು ಮಾರುವವರ ಬಗ್ಗೆ ನನಗಿದ್ದ ಅಸಹನೆ ಆ ಮನೆಯಲ್ಲಿ ಇನ್ನಷ್ಟು ಹೆಚ್ಚಿತು.

ಅಲ್ಲಿಂದ ಹೊರಬರುವಾಗ ನನ್ನ ತಲೆಯಲ್ಲಿದ್ದದ್ದು ಜಿಂಬಾಬ್ವೆ. 1980ರ ಏಪ್ರಿಲಿನಲ್ಲಿ ಅಲ್ಲಿನ ಸ್ವಾತಂತ್ರ್ಯೋತ್ಸವಕ್ಕೆ ಮಾರ್ಲಿ ಸಲಕರಣೆಗಳ ಸಾಗಣೆಯ ವೆಚ್ಚವನ್ನು ತಾವೇ ಭರಿಸಿ ಹೋದರು. ರುಫಾರೋ ಕ್ರೀಡಾಂಗಣದೊಳಗೆ ಗಣ್ಯರಿದ್ದರು. ಹೊರಗುಳಿದ ಜನ ಒಳನುಗ್ಗಲೆತ್ನಿಸಿದಾಗ ಪೊಲೀಸರು ಅಶ್ರುವಾಯು ಸಿಡಿಸಿದರು, ಹೊಗೆ ವೇದಿಕೆಯನ್ನೂ ಮುಟ್ಟಿ ಹಾಡು ನಿಂತಿತು. ಮರುದಿನ ಮಾರ್ಲಿ, ಹಿಂದಿನ ರಾತ್ರಿ ಹೊರಗುಳಿದಿದ್ದ ಆ ಜನರಿಗಾಗಿ ಮತ್ತೆ ಹಾಡಿದರು.